ಮಲೆನಾಡಿನ 108: ತಲೆ ಲೆಕ್ಕ ಸಾಲದು, ದಾರಿ ಲೆಕ್ಕ ಬೇಕು

ಕಳೆದ ಆಷಾಢದ ಒಂದು ರಾತ್ರಿ. ಮೂಡಿಗೆರೆ ತಾಲೂಕಿನಲ್ಲಿ ನಮ್ಮೂರ ಪಕ್ಕದ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ, ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಶುರುವಾಯಿತು. ದಿನ ತುಂಬಲು ಇನ್ನೂ ಮೂರು ವಾರ ಇತ್ತು. ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ ಎರಡು ದಿನವಾಗಿತ್ತು. ಮೊಬೈಲಿಗೆ ಸಿಗ್ನಲ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಅವಳ ಗಂಡ ಅಲ್ಲೇ ಮಳೆಯಲ್ಲಿ ನಿಂತು 108ಕ್ಕೆ ಫೋನ್ ಮಾಡಿದ.

ಆ ಕಡೆಯಿಂದ ಜಿಲ್ಲೆ ಕೇಳಿದರು, ತಾಲೂಕು ಕೇಳಿದರು, ಊರು ಕೇಳಿದರು. "ಹತ್ತಿರದಲ್ಲಿ ಗುರುತು ಏನಿದೆ?" ಅಂದರು. ಅವನು "ಸಾಹುಕಾರ್ರ ತೋಟ" ಅಂದ. ಅವನಿಗೆ ಗೊತ್ತಿದ್ದ ಗುರುತು ಅದೊಂದೇ. ಫೋನ್ ಎತ್ತಿದವರು ಬೆಂಗಳೂರಿನಲ್ಲಿ ಕೂತವರು. ಯಾವ ಸಾಹುಕಾರರು ಅಂತ ಅವರಿಗೆ ಹೇಗೆ ತಿಳಿಯಬೇಕು? ಕೊನೆಗೆ ಅವನು ಓಡಿ ಬಂದು ನಮ್ಮ ಮನೆ ಬಾಗಿಲು ಬಡಿದ. ನಾನು ಹೋಗಿ ಹಾಲಿನ ಡೈರಿ, ಅಲ್ಲಿಂದ ಬಲಕ್ಕೆ ತಿರುಗುವ ಮಣ್ಣು ದಾರಿ ಎಲ್ಲ ವಿವರಿಸಿದೆ. ಆಂಬ್ಯುಲೆನ್ಸ್ ಬಂದಾಗ ಮೊದಲ ಕರೆ ಮಾಡಿ ಐವತ್ತು ನಿಮಿಷ ಆಗಿತ್ತು. ಬಂದದ್ದೂ ತೋಟದ ಗೇಟಿನ ಹೊರಗೇ ನಿಂತಿತು. ಗೇಟಿಗೆ ಬೀಗ. ಕೀಲಿ ಇದ್ದ ವಾಚ್‌ಮನ್ ಕೆಳಗಿನ ಲೈನಿನಲ್ಲಿ ಮಲಗಿದ್ದ. ಅವನನ್ನು ಎಬ್ಬಿಸಿ ತರಲು ಹತ್ತು ನಿಮಿಷ ಹೋಯಿತು.

ಒಳಗಿನ ಏರಿಗೆ ಗಾಡಿ ಹತ್ತಲಿಲ್ಲ. ಚಕ್ರ ಕೆಸರಲ್ಲಿ ಸುಮ್ನೆ ತಿರುಗಿತು. ಇಎಂಟಿ, ಅಂದರೆ ಗಾಡಿಯಲ್ಲಿ ತುರ್ತು ಚಿಕಿತ್ಸೆ ಕೊಡುವ ಹುಡುಗ, ಸ್ಟ್ರೆಚರ್ ಇಳಿಸಿ ಮಳೆಯಲ್ಲೇ ಮೇಲೆ ಹತ್ತಿದ. ಉತ್ತರ ಕರ್ನಾಟಕದ ಕಡೆಯವನು, ಮಾತಿನಲ್ಲೇ ಗೊತ್ತಾಗುತ್ತಿತ್ತು. "ಅಕ್ಕಾ, ಹೆದರಬ್ಯಾಡ್ರಿ, ನಾ ಅದೀನಿ" ಅಂದ. ನಾಲ್ಕು ಜನ ಹೊತ್ತು ಕೆಳಗಿಳಿಸಿದೆವು. ಗಾಡಿಯ ಬಾಗಿಲು ಹಾಕುವಷ್ಟರಲ್ಲಿ ಮಗುವಿನ ತಲೆ ಕಾಣುತ್ತಿತ್ತು. ಅವನು ಗ್ಲೌಸ್ ಹಾಕಿ, ಹೆರಿಗೆ ಕಿಟ್ಟಿನ ಪ್ಲಾಸ್ಟಿಕ್ ಹಾಳೆ ಹಾಸಿ, ನನ್ನ ಕೈಗೆ ಟಾರ್ಚ್ ಕೊಟ್ಟ. ಮಗು ಬಂತು, ಅಳಲಿಲ್ಲ. ಅವನು ಅವಸರ ಮಾಡಲಿಲ್ಲ. ಒಣ ಬಟ್ಟೆಯಲ್ಲಿ ಮಗುವಿನ ಮೈ ಒರೆಸಿದ, ಬೆನ್ನು ತಿಕ್ಕಿದ, ಬಾಯಿ ಮೂಗು ಸ್ವಚ್ಛ ಮಾಡಿದ, ಮತ್ತೆ ಬೆನ್ನು ತಿಕ್ಕಿದ. ನನ್ನ ಕೈಯಲ್ಲಿದ್ದ ಟಾರ್ಚ್ ನಡುಗುತ್ತಿತ್ತು. ಆಮೇಲೆ ಒಂದು ಸಣ್ಣ ಅಳು. ಮಗುವನ್ನು ತಾಯಿಯ ಎದೆ ಮೇಲೆ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ಹೊಕ್ಕುಳ ಬಳ್ಳಿಗೆ ಎರಡು ಕ್ಲಿಪ್ ಹಾಕಿ ಮಧ್ಯೆ ಕತ್ತರಿಸಿದ. ಗಡಿಯಾರ ನೋಡಿ ಕಾಗದದಲ್ಲಿ ಸಮಯ ಬರೆದ. ಇಂಥ ಹೊತ್ತಲ್ಲಿ ಕಾಲ್ ಸೆಂಟರ್‌ನ ಡಾಕ್ಟರ್ ಜೊತೆ ಮಾತಾಡಿ ಸಲಹೆ ಪಡೆಯಬೇಕು ಅನ್ನುವುದು 108ರ ಕ್ರಮ. ಅವನು ಮೂರು ಸಲ ಪ್ರಯತ್ನಪಟ್ಟ. ಸಿಗ್ನಲ್ ಇರಲಿಲ್ಲ.

ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ರಾತ್ರಿ ಅಲ್ಲಿಗೇ ಮುಗಿಯಲಿಲ್ಲ. ಮಗುವಿನ ತೂಕ ಕಡಿಮೆ ಅಂತ ತಾಲೂಕು ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ರೆಫರ್ ಮಾಡಿದರು. ಅದೇ ಗಾಡಿ ಅವರನ್ನು ಕರೆದುಕೊಂಡು ಹೊರಟಿತು. ಮರಳಿ ಬರುವಾಗ ಬೆಳಕು ಹರಿದಿತ್ತು. ಅಲ್ಲಿಯವರೆಗೆ ನಮ್ಮ ಭಾಗಕ್ಕೆ ಆ ಗಾಡಿ ಇರಲಿಲ್ಲ. ನಾನು ಅವತ್ತಿನಿಂದ ಯೋಚಿಸುತ್ತಿರುವುದು ಇದನ್ನೇ.

108 ಆರೋಗ್ಯ ಕವಚ ನಮ್ಮ ರಾಜ್ಯದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಮಲೆನಾಡಿನಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಬಾಡಿಗೆ ಜೀಪೇ ಗತಿ. ಜೀಪ್ ಇಲ್ಲದ ಕಡೆ ಕಂಬಳಿ ಕಟ್ಟಿ ಜೋಳಿಗೆಯಲ್ಲಿ ಹೊತ್ತು ತರುತ್ತಿದ್ದರು. ಕಳಸದ ಕಡೆಯ ಕೆಲವು ಹಳ್ಳಿಗಳಿಂದ ಜೋಳಿಗೆಯ ಸುದ್ದಿ ಈಗಲೂ ಬರುತ್ತದೆ. ಆದರೂ ದುಡ್ಡಿಲ್ಲದವರಿಗೂ ಒಂದು ಫೋನಿಗೆ ಗಾಡಿ, ಗಾಡಿಯೊಳಗೆ ಚಿಕಿತ್ಸೆ ಬಲ್ಲ ಒಬ್ಬರು ಸಿಗುವಂತಾದದ್ದು ಸಣ್ಣ ಬದಲಾವಣೆಯಲ್ಲ. ಅದನ್ನು ಮೊದಲು ಹೇಳಿಯೇ ಕೊರತೆಯ ಮಾತಿಗೆ ಬರಬೇಕು.

ಆಂಬ್ಯುಲೆನ್ಸ್ ಎಷ್ಟು ಬೇಕು ಅನ್ನುವುದಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಒಂದು ಲೆಕ್ಕ ಇದೆ. 1 ಲಕ್ಷ ಜನಕ್ಕೆ ಒಂದು ಬಿಎಲ್‌ಎಸ್ ಗಾಡಿ, 5 ಲಕ್ಷ ಜನಕ್ಕೆ ಒಂದು ಎಎಲ್‌ಎಸ್ ಗಾಡಿ. ಬಿಎಲ್‌ಎಸ್ ಅಂದರೆ ಆಕ್ಸಿಜನ್, ಸ್ಟ್ರೆಚರ್, ಮೂಳೆ ಮುರಿದರೆ ಕಟ್ಟುವ ಪಟ್ಟಿ, ಹೆರಿಗೆ ಕಿಟ್ ಇರುವ ಗಾಡಿ. ಎಎಲ್‌ಎಸ್‌ನಲ್ಲಿ ಇವುಗಳ ಜೊತೆ ವೆಂಟಿಲೇಟರ್, ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇರುತ್ತವೆ.

ಈ ಲೆಕ್ಕವನ್ನು ನಮ್ಮ ಜಿಲ್ಲೆಗಳಿಗೆ ಹಾಕಿ ನೋಡಿ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸುಮಾರು 11.38 ಲಕ್ಷ. ಅಂದರೆ 11 ಬಿಎಲ್‌ಎಸ್, 2 ಎಎಲ್‌ಎಸ್, ಒಟ್ಟು 13 ಗಾಡಿ. ಜಿಲ್ಲೆಯ ವಿಸ್ತೀರ್ಣ ಸುಮಾರು 7,200 ಚದರ ಕಿ.ಮೀ. ಒಂದು ಗಾಡಿಯ ಪಾಲಿಗೆ 550 ಚದರ ಕಿ.ಮೀ.ಗಿಂತ ಜಾಸ್ತಿ. ಹಾಸನದಲ್ಲಿ 17.76 ಲಕ್ಷ ಜನ, 6,814 ಚದರ ಕಿ.ಮೀ. ಅದೇ ಲೆಕ್ಕದಲ್ಲಿ 20 ಗಾಡಿ, ಒಂದರ ಪಾಲಿಗೆ 340 ಚದರ ಕಿ.ಮೀ. ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ ಇದ್ದದ್ದು ಸುಮಾರು 2,200 ಚದರ ಕಿ.ಮೀ.ಯಲ್ಲಿ. ಅಲ್ಲಿ ಒಂದು ಗಾಡಿಗೆ ಬರುವುದು 19 ಚದರ ಕಿ.ಮೀ. ಇದು ಓಡುತ್ತಿರುವ ಗಾಡಿಗಳ ಎಣಿಕೆಯಲ್ಲ, ನಿಯಮ ಪೂರ್ತಿ ಪಾಲಿಸಿದರೂ ನಮಗೆ ಸಿಗುವುದು ಇಷ್ಟು ಅನ್ನುವ ಲೆಕ್ಕ.

ಹಳ್ಳಿಗಾಡಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬೇಕು ಅನ್ನುವುದು 108ರ ಗುರಿ. 550 ಚದರ ಕಿ.ಮೀ.ಯ ನಟ್ಟನಡುವೆ ಗಾಡಿ ನಿಂತಿದೆ ಅಂದುಕೊಳ್ಳಿ. ಅಂಚಿನ ಮನೆಗೆ ನೇರ ಗೆರೆ ಎಳೆದರೇ 13 ಕಿ.ಮೀ. ಆದರೆ ಮಲೆನಾಡಿನ ರಸ್ತೆ ನೇರ ಹೋಗುವುದಿಲ್ಲ. ಗುಡ್ಡ ಸುತ್ತಿ, ಹಳ್ಳ ಬಳಸಿ ಹೋಗುವಾಗ ಅದು 20, 25 ಕಿ.ಮೀ. ಆಗುತ್ತದೆ. ಮಳೆಗಾಲದಲ್ಲಿ ಗಂಟೆಗೆ 30 ಕಿ.ಮೀ. ವೇಗ ಸಿಕ್ಕರೆ ಪುಣ್ಯ. ಪೈಲಟ್ (108ರ ಡ್ರೈವರ್‌ಗೆ ಹಾಗನ್ನುತ್ತಾರೆ) ಎಷ್ಟೇ ಚೆನ್ನಾಗಿ ಓಡಿಸಲಿ, ಅರ್ಧ ಗಂಟೆಯಲ್ಲಿ ಮುಟ್ಟಲು ಆಗುವುದೇ ಇಲ್ಲ. ಆಂಬ್ಯುಲೆನ್ಸ್ ತಡವಾಯಿತು ಅಂತ ಅದರಲ್ಲಿದ್ದ ಇಬ್ಬರ ಮೇಲೆ ಕೂಗಾಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ತಪ್ಪು ಅವರ ಚಕ್ರದಲ್ಲಿ ಇಲ್ಲ, ಗಾಡಿ ಹಂಚಿದ ರೀತಿಯಲ್ಲಿದೆ.

ಜಿಲ್ಲೆಯ ಸರಾಸರಿಯನ್ನೂ ನಂಬುವಂತಿಲ್ಲ. ಕಡೂರು, ತರೀಕೆರೆ ಬಯಲಿನ ಕಡೆಗೆ ಚಾಚಿಕೊಂಡಿವೆ. ಶೃಂಗೇರಿ, ಕೊಪ್ಪ, ಕಳಸ ಘಟ್ಟದ ಸೆರಗಿನಲ್ಲಿವೆ. ಹಾಸನದಲ್ಲೂ ಅರಸೀಕೆರೆ, ಚನ್ನರಾಯಪಟ್ಟಣದ ದಾರಿ ಬೇರೆ, ಸಕಲೇಶಪುರ, ಆಲೂರಿನ ದಾರಿ ಬೇರೆ. ಬಯಲಿನಲ್ಲಿ ಹತ್ತು ನಿಮಿಷಕ್ಕೆ ತಲುಪಿದ ಗಾಡಿ, ಘಟ್ಟದಲ್ಲಿ ಒಂದೂವರೆ ಗಂಟೆಗೆ ತಲುಪಿದ ಗಾಡಿ ಎರಡನ್ನೂ ಕೂಡಿ ಭಾಗಿಸಿದರೆ ಕಾಗದದ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ. ಹಾಗಾಗಿ ಜಿಲ್ಲೆಯ ಅಂಕಿ ಬೇಡ, ಹೋಬಳಿಯ ಅಂಕಿ ಬೇಕು. ಯಾವ ಹೋಬಳಿಯಲ್ಲಿ ಕರೆಗೆ ಎಷ್ಟು ನಿಮಿಷ ಹಿಡಿಯಿತು ಅನ್ನುವುದನ್ನು ತಿಂಗಳಿಗೊಮ್ಮೆ ಜನರ ಮುಂದೆ ಇಡಬೇಕು. ಪ್ರತಿ ಕರೆಯ ಸಮಯವೂ ದಾಖಲಾಗುತ್ತದೆ, ಆದ್ದರಿಂದ ಇದು ಆಗದ ಕೆಲಸ ಏನಲ್ಲ.

ಇನ್ನು ಆ ರಾತ್ರಿ ನಮ್ಮ ಗಾಡಿ ಬೆಳಗಿನವರೆಗೆ ಮಾಯವಾದ ವಿಷಯ. 108ರವರು ಇದನ್ನು ಶಿಫ್ಟಿಂಗ್ ಅನ್ನುತ್ತಾರೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿಯನ್ನು ಸಾಗಿಸುವುದು. ನಮ್ಮಲ್ಲಿ ಇದು ಜಾಸ್ತಿ, ಯಾಕೆಂದರೆ ತಾಲೂಕು ಆಸ್ಪತ್ರೆಯಲ್ಲಿ ಆಗದ್ದು ಬಹಳ ಇದೆ. ಶೃಂಗೇರಿ, ಕೊಪ್ಪದವರು ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೋಗುತ್ತಾರೆ. ಮೂಡಿಗೆರೆಯವರು ಹಾಸನಕ್ಕೆ, ಇಲ್ಲವೇ ಚಾರ್ಮಾಡಿ ಇಳಿದು ಮಂಗಳೂರಿಗೆ. ಹಾಸನದಲ್ಲಿ ವೈದ್ಯಕೀಯ ಕಾಲೇಜು 2006ರಿಂದ ಇದೆ, ಚಿಕ್ಕಮಗಳೂರಿನದು ಈಗಷ್ಟೇ ಬೆಳೆಯುತ್ತಿದೆ. ಶೃಂಗೇರಿಗೆ 100 ಹಾಸಿಗೆಯ ಆಸ್ಪತ್ರೆ ಕೊಡಿ ಅಂತ ಅಲ್ಲಿನವರು ವರ್ಷಗಟ್ಟಲೆ ಬೀದಿಗಿಳಿದದ್ದು ಸುಮ್ನೆ ಅಲ್ಲ. ಅಲ್ಲಿನ ಗಾಡಿಯೊಂದು ಮಣಿಪಾಲಕ್ಕೆ ಹೋಗಿ, ರೋಗಿಯನ್ನು ಒಪ್ಪಿಸಿ, ಘಟ್ಟ ಹತ್ತಿ ಬರುವಾಗ ಅರ್ಧ ದಿನ ಮುಗಿದಿರುತ್ತದೆ. ಆ ಅರ್ಧ ದಿನದಲ್ಲಿ ತಾಲೂಕಿನಲ್ಲಿ ಯಾರಿಗಾದರೂ ಎದೆ ನೋವು ಬಂದರೆ ಪಕ್ಕದ ತಾಲೂಕಿನ ಗಾಡಿಯೇ ಬರಬೇಕು.

ಹಾಗಾಗಿ ನನ್ನ ಮಟ್ಟಿಗೆ ಮೊದಲು ಆಗಬೇಕಾದ್ದು ಇದು: ಶಿಫ್ಟಿಂಗ್‌ಗೆ ಬೇರೆ ಗಾಡಿ, ಕರೆಗೆ ಬೇರೆ ಗಾಡಿ. ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಡಲು ನಗು-ಮಗು ವಾಹನ ಅಂತ ಬೇರೆಯೇ ಮಾಡಿದ್ದಾರಲ್ಲ, ಅದೇ ದಾರಿ ಇಲ್ಲೂ ಹಿಡಿಯಬಹುದು. ಹೊಸ ಆಂಬ್ಯುಲೆನ್ಸ್ ಕೊಳ್ಳುವುದಕ್ಕಿಂತ ಮುಂಚೆ ಇರುವ ಗಾಡಿಯನ್ನು ಅದರ ಜಾಗದಲ್ಲಿ ಉಳಿಸಿಕೊಳ್ಳಬೇಕು.

ಮಳೆಗಾಲದ ಮಾತು ಬೇರೆಯೇ ಇದೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಬಂದ್ ಆಯಿತು. 2024ರ ಜುಲೈನಲ್ಲಿ ಸಕಲೇಶಪುರ ತಾಲೂಕಿನ ದೋಣಿಗಾಲ್ ಬಳಿ ಹೆದ್ದಾರಿ 75ರ ಮೇಲೆ ಮಣ್ಣು ಜಾರಿತು. ಘಾಟಿ ಮುಚ್ಚಿದ ದಿನ ರೋಗಿಯ ಆಸ್ಪತ್ರೆಯೇ ಬದಲಾಗುತ್ತದೆ. ಮಂಗಳೂರಿಗೆ ಹೊರಟವರು ಹಾಸನಕ್ಕೆ ತಿರುಗಬೇಕು. ಇದನ್ನು ಕಾಲ್ ಸೆಂಟರ್‌ನಲ್ಲಿ ಕೂತವರು ತಿಳಿದಿರಬೇಕು, ಗಾಡಿ ಹೊರಡುವ ಮುಂಚೆಯೇ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಹಾರ, ಕಳಸದಂಥ ಕಡೆ ಒಂದು ಹೆಚ್ಚಿನ ಗಾಡಿ ನಿಲ್ಲಿಸಿಕೊಂಡರೆ ಅದರ ಬೆಲೆ ಏನು ಅಂತ ಘಟ್ಟದ ಜನಕ್ಕೆ ಗೊತ್ತು.

ಆನೆ ಇನ್ನೊಂದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ರಾತ್ರಿ ರಸ್ತೆಯಲ್ಲಿ ಆನೆ ನಿಂತರೆ ಸೈರನ್ ಹಾಕುವಂತಿಲ್ಲ, ಹಾರ್ನ್ ಒತ್ತುವಂತಿಲ್ಲ. ಲೈಟ್ ತಗ್ಗಿಸಿ, ಗಾಡಿ ಹಿಂದಕ್ಕೆ ತೆಗೆದು ಕಾಯಬೇಕು. ಒಳಗೆ ರೋಗಿ ನರಳುತ್ತಿರುತ್ತಾರೆ. ಆನೆ ಎಲ್ಲಿದೆ ಅಂತ ಊರವರ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಹಾಸನದ ಆನೆ ಕಾಟದ ಹಳ್ಳಿಗಳಲ್ಲಿ ಬಂದಿದೆ. ಅದೇ ಸಂದೇಶ ಆ ಭಾಗದ ಪೈಲಟ್‌ಗೂ ಹೋಗುವ ಹಾಗೆ ಮಾಡಿದರೆ ಅವರು ಮೊದಲೇ ಬೇರೆ ದಾರಿ ಹಿಡಿಯಬಹುದು. ಇದಕ್ಕೆ ದೊಡ್ಡ ಖರ್ಚೂ ಇಲ್ಲ.

ಈಗ ಹಾಸನದ ಹೃದಯದ ವಿಷಯಕ್ಕೆ ಬರೋಣ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೆಸರು ದಿನಾ ಸುದ್ದಿಯಲ್ಲಿತ್ತು. ವಯಸ್ಸಿನ ಹುಡುಗರು, ಹುಡುಗಿಯರು ಇದ್ದಕ್ಕಿದ್ದಂತೆ ಕುಸಿದು ಬಿದ್ದರು ಅನ್ನುವ ಸುದ್ದಿ ಒಂದರ ಹಿಂದೆ ಒಂದು ಬಂತು. ಜನ ಹೆದರಿ ಇಸಿಜಿ ಮಾಡಿಸಲು ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅದರಲ್ಲಿ 4 ಹೃದಯಕ್ಕೆ ಸಂಬಂಧಪಟ್ಟಿದ್ದಲ್ಲ, ಒಟ್ಟಾರೆ ಅಸಹಜ ಏರಿಕೆ ಕಾಣುವುದಿಲ್ಲ ಅಂತ ವರದಿ ಕೊಟ್ಟಿತು. ಅಲ್ಲಿಗೆ ಗಲಾಟೆ ತಣ್ಣಗಾಯಿತು.

ಆದರೆ ಆಗಿನ ಸುದ್ದಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: "ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ". ಯಾಕೆ ಹೃದಯ ನಿಂತಿತು ಅಂತ ಎಲ್ಲರೂ ಚರ್ಚಿಸಿದರು. ನಿಂತ ಮೇಲಿನ ಮೊದಲ ಹತ್ತು ನಿಮಿಷದಲ್ಲಿ ಅವರ ಹತ್ತಿರ ಯಾರಿದ್ದರು, ಏನು ಮಾಡಿದರು ಅಂತ ಕೇಳಿದವರು ಕಡಿಮೆ. ಹೃದಯ ಬಡಿತ ನಿಂತ ಮೇಲೆ ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಲೆಕ್ಕ ಹಾಕಿ, ಆಂಬ್ಯುಲೆನ್ಸ್ ಇಪ್ಪತ್ತು ನಿಮಿಷಕ್ಕೆ ಬಂದರೂ ಹೊತ್ತು ಮೀರಿರುತ್ತದೆ. ಅಲ್ಲಿ ಉಳಿಸಬಲ್ಲವರು ಪಕ್ಕದಲ್ಲಿ ನಿಂತವರು ಮಾತ್ರ. ಎದೆಯ ನಡುವೆ ಎರಡೂ ಕೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಕೆಳಗೆ ಹೋಗುವ ಹಾಗೆ ಒತ್ತುತ್ತಲೇ ಇರಬೇಕು. ಅದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ಬಡಿತ ನಿಲ್ಲದೆ ಬರೀ ಎದೆ ನೋವಿರುವವರ ಕಥೆ ಬೇರೆ. ಅವರಿಗೆ ಹೊತ್ತು ಇದೆ, ಆದರೆ ಜಾಸ್ತಿ ಇಲ್ಲ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಪುಕ್ಕಟೆ ಕೊಡುತ್ತಾರೆ. ಬಹಳ ಒಳ್ಳೆಯ ಯೋಜನೆ. ಇದಕ್ಕೆ ಆಂಬ್ಯುಲೆನ್ಸ್ ಜೋಡಿಯಾಗಬೇಕು. ಇಎಂಟಿ ಗಾಡಿಯಲ್ಲೇ ಇಸಿಜಿ ತೆಗೆದು ಕಳಿಸುವ ಹಾಗಾದರೆ, ಹತ್ತಿರದ ಆಸ್ಪತ್ರೆ ಯಾವುದು ಅನ್ನುವ ಬದಲು ಇಂಜೆಕ್ಷನ್ ಇರುವ ಆಸ್ಪತ್ರೆ ಯಾವುದು ಅಂತ ನೋಡಿ ಹೋಗಬಹುದು. ಸಕಲೇಶಪುರದಿಂದ ಹಾಸನಕ್ಕೆ 40 ಕಿ.ಮೀ. ಮಧ್ಯೆ ಒಂದು ಕಡೆ ಸುಮ್ಮನೆ ಇಳಿಸಿ ಮತ್ತೆ ಹತ್ತಿಸಿದರೆ ಮುಕ್ಕಾಲು ಗಂಟೆ ಹೋದಂತೆಯೇ.

ಹಾವು ಕಡಿತದಲ್ಲೂ ಇದೇ. ಕರ್ನಾಟಕ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು ಅಂತ ನಿಯಮ ತಂದಿತು. ನಮ್ಮಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಫಿ ತೋಟದಲ್ಲಿ ಕಡಿಯುವ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಕಟ್ಟುಹಾವು ಕಡಿದರೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಆಗ ಇಎಂಟಿ ಕೈಯಲ್ಲಿ ಒತ್ತಿ ಗಾಳಿ ಕೊಡುವ ಅಂಬು ಬ್ಯಾಗ್ ಹಿಡಿದು ದಾರಿಯುದ್ದಕ್ಕೂ ರೋಗಿಯ ಪರವಾಗಿ ಉಸಿರು ಒತ್ತುತ್ತಾ ಹೋಗಬೇಕು. ಘಾಟಿಯ ತಿರುವುಗಳಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ. ಇದು ಡ್ರೈವರ್ ಜೊತೆ ಬರುವ ಸಹಾಯಕನ ಕೆಲಸ ಅಂತ ನೋಡುವವರಿಗೆ ಹೇಗೆ ಹೇಳುವುದು?

ಅವರನ್ನು ನಾವು ನೋಡುವ ರೀತಿಯಲ್ಲೇ ತಪ್ಪಿದೆ. 2021ರ ಕೇಂದ್ರದ ಕಾನೂನು ಪ್ಯಾರಾಮೆಡಿಕ್ ಕೆಲಸವನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಆದರೆ ಗಾಡಿಯಲ್ಲಿ ಅವರ ಪಾಳಿ ಹನ್ನೆರಡು ಗಂಟೆ. ಸಂಬಳ ಬಾಕಿ ಅಂತ 108ರ ನೌಕರರು ಮುಷ್ಕರದ ಎಚ್ಚರಿಕೆ ಕೊಟ್ಟ ಸುದ್ದಿಯನ್ನು ಈಚಿನ ವರ್ಷಗಳಲ್ಲಿ ಎಷ್ಟು ಸಲ ಓದಿದ್ದೇವೆ! ದುಡ್ಡು ಕೊಡಬೇಕಾದವರು ಸರ್ಕಾರವೋ 108 ನಡೆಸುವ ಗುತ್ತಿಗೆ ಏಜೆನ್ಸಿಯೋ ಅನ್ನುವ ಜಗ್ಗಾಟದಲ್ಲಿ ಸೋಲುವುದು ರಾತ್ರಿ ಪಾಳಿಯ ಹುಡುಗರು. 2025ರಲ್ಲಿ ರಾಜ್ಯ ಸರ್ಕಾರ ಈ ಸೇವೆಯನ್ನು ಏಜೆನ್ಸಿಯಿಂದ ತೆಗೆದು ತಾನೇ ನಡೆಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ನಡೆಸುವವರು ಬದಲಾದರೆ ಸಾಲದು. ಹದಿನೈದು ವರ್ಷ ಈ ದಾರಿಗಳಲ್ಲಿ ಓಡಾಡಿದ ಪೈಲಟ್‌ಗೆ ಯಾವ ಕಾಲುಸಂಕದ ಆಚೆ ಯಾವ ಮನೆ ಅಂತ ಗೊತ್ತು. ಅವರನ್ನು ಕಳಕೊಂಡು ಹೊಸಬರನ್ನು ತಂದರೆ ನಷ್ಟ ನಮ್ಮದೇ.

ಎಲ್ಲವನ್ನೂ ಒಂದೇ ಕಡೆ ಕಟ್ಟಿಹಾಕಿದರೆ ಏನಾಗುತ್ತದೆ ಅನ್ನುವುದನ್ನು 2022ರ ಸೆಪ್ಟೆಂಬರ್‌ನಲ್ಲಿ ನೋಡಿದೆವು. ಬೆಂಗಳೂರಿನ ಕೇಂದ್ರದಲ್ಲಿ ತಾಂತ್ರಿಕ ತೊಂದರೆಯಾಗಿ ರಾಜ್ಯದ ಉದ್ದಗಲಕ್ಕೂ 108ಕ್ಕೆ ಕರೆ ಸಿಗುವುದು ಕಷ್ಟವಾಯಿತು. ಇಂಥ ಹೊತ್ತಿಗಾದರೂ ತಾಲೂಕು ಮಟ್ಟದಲ್ಲಿ, ಊರು ಕೇರಿ ಬಲ್ಲ ಒಬ್ಬರ ಕೈಯಲ್ಲಿ ಇನ್ನೊಂದು ಫೋನ್ ಇರಬೇಕು ಅಲ್ವಾ?

ಕಾನೂನು ನಮ್ಮ ಕಡೆ ಇದೆ ಅನ್ನುವುದನ್ನೂ ತಿಳಿದಿರಿ. ಆಂಬ್ಯುಲೆನ್ಸ್‌ಗೆ ದಾರಿ ಬಿಡದಿದ್ದರೆ 10,000 ರೂಪಾಯಿವರೆಗೆ ದಂಡ. ಅಪಘಾತವಾದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸ್ ಕಾಟ ಇಲ್ಲ, ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಟ್ಟಿಗೆ ಕೈಯಿಂದ ಕೊಡದೆ ಚಿಕಿತ್ಸೆ ಸಿಗುವ ಕೇಂದ್ರದ ಯೋಜನೆಯೂ ಇದೆ.

ನನಗೆ ಜಾಸ್ತಿ ನಂಬಿಕೆ ಇರುವುದು ನಮ್ಮ ಜೀಪಿನವರ ಮೇಲೆ. 108ರ ಗಾಡಿ ಹತ್ತದ ಏರನ್ನು ಬಾಡಿಗೆ ಜೀಪ್, ಪಿಕಪ್ ಹತ್ತುತ್ತವೆ. ಪ್ರತಿ ಪಂಚಾಯಿತಿಯಲ್ಲಿ ಇಬ್ಬರು ಮೂವರು ಜೀಪಿನವರನ್ನು ಗುರುತಿಸಿ, ಎದೆ ಒತ್ತುವುದು, ರಕ್ತ ನಿಲ್ಲಿಸುವುದು, ಬೆನ್ನಿಗೆ ಪೆಟ್ಟಾದವರನ್ನು ಅಲ್ಲಾಡಿಸದೆ ಎತ್ತುವುದು ಕಲಿಸಿ, ಒಂದು ಸ್ಟ್ರೆಚರ್ ಕೊಟ್ಟು, ಬಾಡಿಗೆಯನ್ನು ಸರ್ಕಾರವೇ ಕಟ್ಟಿಕೊಟ್ಟರೆ ಸಾಕು. ಲೈನ್ ಮನೆಯಿಂದ ಡಾಂಬರು ರಸ್ತೆಯವರೆಗೆ ಅವರು, ಅಲ್ಲಿಂದ ಮುಂದೆ 108. ಅವರು ಹೇಗೂ ಈ ಕೆಲಸ ಮಾಡುತ್ತಲೇ ಬಂದಿದ್ದಾರೆ, ಕಲಿಸಿದವರು ಮಾತ್ರ ಯಾರೂ ಇಲ್ಲ.

ಸರ್ಕಾರ ಮಾಡುವುದನ್ನು ಮಾಡಲಿ, ನಾವು ಇವತ್ತೇ ಮಾಡಬಹುದಾದ್ದೂ ಇದೆ. ಆ ರಾತ್ರಿಯ ಮೇಲೆ ಪಕ್ಕದ ತೋಟದ ಸಾಹುಕಾರರ ಹತ್ತಿರ ನಾನೇ ಹೋಗಿ ಮಾತಾಡಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹೌದು ಮಾರಾಯ್ರೆ, ನಮಗೆ ಇದು ಹೊಳೆದೇ ಇರಲಿಲ್ಲ" ಅಂದರು. ಈಗ ಲೈನಿನ ಪ್ರತಿ ಮನೆಯ ಬಾಗಿಲ ಹಿಂದೆ ಒಂದು ರಟ್ಟು ತೂಗುಹಾಕಿದೆ. ಜಿಲ್ಲೆ, ತಾಲೂಕು, ಹೋಬಳಿ, ಊರು, ಡೈರಿಯಿಂದ ಬಲಕ್ಕೆ ಎಷ್ಟು ದೂರ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆದಿದೆ. 108ಕ್ಕೆ ಫೋನ್ ಮಾಡಿದವರು ಅದನ್ನು ನೋಡಿ ಓದಿದರೆ ಆಯಿತು. ಮಾತು ಮುಗಿದ ಮೇಲೂ ಫೋನ್ ಸಿಗ್ನಲ್ ಇರುವ ಜಾಗದಲ್ಲೇ ಒಬ್ಬರು ನಿಲ್ಲಬೇಕು, ಯಾಕೆಂದರೆ ಇಎಂಟಿ ದಾರಿಯಲ್ಲಿ ಮತ್ತೆ ಕರೆ ಮಾಡುತ್ತಾರೆ. ಇನ್ನೊಬ್ಬರು ಟಾರ್ಚ್ ಹಿಡಿದು ಡೈರಿ ಹತ್ತಿರ ಹೋಗಿ ಕಾಯಬೇಕು. ಗೇಟಿನ ಎರಡನೇ ಕೀಲಿ ಈಗ ಲೈನಿನ ಮೊದಲ ಮನೆಯ ಮೊಳೆಯಲ್ಲಿದೆ.